ಜೌಗಿನ ಮೇಲೆ ಎದ್ದ ಕಸುಬಿನ ಊರು

ದೆಹಲಿಯಿಂದ ಅಂಬಾಲಾ ಕಡೆಗೆ ಹೋಗುವ ಹೆದ್ದಾರಿಯಲ್ಲಿ, ಕರ್ನಾಲ್ ದಾಟಿ ಕುರುಕ್ಷೇತ್ರ ಮುಟ್ಟುವ ಮೊದಲು ನಿಲೋಖೇರಿ ಸಿಗುತ್ತದೆ. 1948ಕ್ಕೆ ಮೊದಲು ಅಲ್ಲಿದ್ದದ್ದು ಜೌಗು, ಮುಳ್ಳುಪೊದೆ. ಅದನ್ನು ಊರು ಮಾಡಿದವರು ದೇಶ ಹೋಳಾದಾಗ ಮನೆಮಠ ಬಿಟ್ಟು ಬಂದ ನಿರಾಶ್ರಿತರು. ಅವರನ್ನು ಕೆಲಸಕ್ಕೆ ಹಚ್ಚಿದವರು ಎಸ್.ಕೆ. ಡೇ.

ಡೇ ಅವರ ಬಗ್ಗೆ ತುಸು ವಿವರವಾಗಿಯೇ ಹೇಳಬೇಕು. ಅವರು ಸಿಲ್ಹೆಟ್ ಸೀಮೆಯವರು. ವಿಭಜನೆಯಲ್ಲಿ ಆ ಸೀಮೆಯ ಬಹುಪಾಲು ಪಾಕಿಸ್ತಾನಕ್ಕೆ ಹೋಯಿತು. ಅಮೆರಿಕದಲ್ಲಿ ಎಂಜಿನಿಯರಿಂಗ್ ಓದಿ ಬಂದು ಎಕ್ಸ್‌ರೇ ಯಂತ್ರಗಳ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದವರು, ಅದನ್ನು ಬಿಟ್ಟು ಕುರುಕ್ಷೇತ್ರದ ಶಿಬಿರಕ್ಕೆ ಬಂದರು. ಅಲ್ಲಿ ಲಕ್ಷಗಟ್ಟಲೆ ಜನ ಸರ್ಕಾರದ ಪಡಿತರ ನಂಬಿ ದಿನ ದೂಡುತ್ತಿದ್ದರು. ಡೇ ಶಿಬಿರದಲ್ಲೇ ಕಸುಬು ಕಲಿಸುವ ಕೇಂದ್ರ ತೆರೆದರು; ಆಮೇಲೆ ಅದನ್ನೇ ಎತ್ತಿಕೊಂಡು ನಿಲೋಖೇರಿಯ ಜೌಗಿಗೆ ನಡೆದರು. ಯೋಜನೆಗೆ ಇಟ್ಟ ಹೆಸರು ‘ಮಜ್ದೂರ್ ಮಂಜಿಲ್’. ಬದುಕುವ ಹಕ್ಕು, ದುಡಿದು ಬದುಕುವ ಹಕ್ಕು, ದುಡಿದದ್ದನ್ನು ಪಡೆಯುವ ಹಕ್ಕು: ಈ ಮೂರರ ಮೇಲೆ ಊರು ನಿಲ್ಲಬೇಕೆಂಬುದು ಅವರ ಹಟ.

ಬಡಗಿತನ, ಕಮ್ಮಾರಿಕೆ, ನೇಯ್ಗೆ, ಮುದ್ರಣ ಎಲ್ಲವೂ ಅಲ್ಲಿದ್ದವು. ನಾನು ಮೆಚ್ಚುವುದು ಕಸುಬುಗಳ ಪಟ್ಟಿಯನ್ನಲ್ಲ, ಕಲಿಸಿದ ಬಗೆಯನ್ನು. ಕಲಿಯುವವರೇ ಕಾಡು ಕಡಿದರು, ನೀರು ಬಸಿದರು, ತಾವಿರುವ ಊರನ್ನು ತಾವೇ ಕಟ್ಟಿದರು. ಸರಕು ಮಾರಲು ಸಹಕಾರ ಸಂಘಗಳಿದ್ದವು.

ಇಂಥ ಹೊಸ ಊರುಗಳ ಯೋಜನೆಯಲ್ಲಿ ದುಡಿದ ಓಟೊ ಕ್ಯೋನಿಗ್ಸ್‌ಬರ್ಗರ್ ನಮಗೆ ಹೊರಗಿನವರಲ್ಲ. ಹಿಟ್ಲರನ ಜರ್ಮನಿಯಿಂದ ತಪ್ಪಿಸಿಕೊಂಡು 1939ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ವಾಸ್ತುಶಿಲ್ಪಿ ಅವರು; ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅವರ ಕಟ್ಟಡಗಳಿವೆ. ನೆಲೆ ತಪ್ಪಿದವರ ಕಷ್ಟ ಅವರಿಗೆ ಯಾರೂ ವಿವರಿಸಬೇಕಿರಲಿಲ್ಲ.

ನೆಹರೂ ನಿಲೋಖೇರಿಯನ್ನು ಬಾಯ್ತುಂಬ ಹೊಗಳಿದರು. 1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಯೋಜನೆ ಶುರುವಾದಾಗ ಅದರ ಹೊಣೆ ಡೇ ಅವರ ಹೆಗಲಿಗೆ ಬಿತ್ತು. ಮುಂದೆ ಕೇಂದ್ರ ಸಚಿವರೂ ಆದರು. ಆದರೆ ದೇಶಕ್ಕೆ ಹರಡಿದ್ದು ಹಳ್ಳಿಗಳ ಗುಂಪಿಗೊಂದರಂತೆ ತೆರೆದ ಬ್ಲಾಕ್ ಕಚೇರಿಗಳು. ಕಾರ್ಖಾನೆ, ಹೊಲ, ಶಾಲೆ ಒಟ್ಟಿಗಿರುವ ಊರುಗಳಲ್ಲ. ನಿಲೋಖೇರಿಯಲ್ಲಿ ಇಂದು ಪಾಲಿಟೆಕ್ನಿಕ್ ಇದೆ, ಗ್ರಾಮೀಣಾಭಿವೃದ್ಧಿ ತರಬೇತಿ ಸಂಸ್ಥೆಯಿದೆ. ತನ್ನ ದುಡಿಮೆಯಲ್ಲೇ ಬಾಳುವ ಊರಿನ ಕನಸು ಮಾತ್ರ ಅರ್ಧಕ್ಕೇ ನಿಂತಿತು.

ಆ ಕನಸು ಇಂದು ಕರ್ನಾಟಕಕ್ಕೂ ಬೇಕು. ಕೃಷ್ಣೆಯ ಅಣೆಕಟ್ಟಿನ ಹಿನ್ನೀರಿಗೆ ಊರು ಬಿಟ್ಟವರ ಮಕ್ಕಳು ನಮ್ಮ ಪುನರ್ವಸತಿ ಕೇಂದ್ರಗಳಲ್ಲಿ ಬೆಳೆಯುತ್ತಿದ್ದಾರೆ. ಅವರಿಗೆ ನಿವೇಶನ, ಪರಿಹಾರದ ಚೆಕ್ಕು ಕೊಟ್ಟು ಕೈತೊಳೆದುಕೊಂಡರೆ ಸಾಲದು. ಕಸುಬು ಕಲಿಸಿ, ಕಲಿತದ್ದಕ್ಕೆ ಅಲ್ಲೇ ಕೆಲಸ, ಅಲ್ಲೇ ಮಾರುಕಟ್ಟೆ ಒದಗಿಸಿ.