ಒಂದು ಲಾವಣಿಗೆ ಎಷ್ಟು ಅಂಗಿ?

ಸಂಗೊಳ್ಳಿ ರಾಯಣ್ಣನ ಕಥೆ ಎಷ್ಟು ರೂಪ ತಳೆದಿದೆ ನೋಡಿ. 1831ರಲ್ಲಿ ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದ ಮೇಲೆ ಅದು ಲಾವಣಿಯಾಯಿತು. 19ನೇ ಶತಮಾನದ ಕೊನೆಗೆ ಜೆ.ಎಫ್. ಫ್ಲೀಟ್ ಎಂಬ ಬ್ರಿಟಿಷ್ ಅಧಿಕಾರಿ ನಮ್ಮ ಭಾಗದ ಲಾವಣಿಗಳನ್ನು ಸಂಗ್ರಹಿಸಿ, ಇಂಗ್ಲಿಷ್ ಅನುವಾದದೊಂದಿಗೆ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಅಚ್ಚು ಹಾಕಿಸಿದ. ಆಮೇಲೆ ನಾಟಕ, 2012ರಲ್ಲಿ ಸಿನಿಮಾ. ಈಗ ರೀಲ್ಸ್. ‘ಕಂಟೆಂಟ್ ರಿಪರ್ಪಸಿಂಗ್’ ಎಂದು ಕೋರ್ಸುಗಳಲ್ಲಿ ಕಲಿಸುವುದನ್ನು ನಮ್ಮ ಸೀಮೆಯ ಹಾಡುಗಾರರು ಎಂದೋ ಮಾಡಿದ್ದರು.

ಅವರಲ್ಲಿ ಒಂದು ವ್ಯವಸ್ಥೆಯೂ ಇತ್ತು. ಎಷ್ಟೋ ಲಾವಣಿಗಳ ಕೊನೆಯ ನುಡಿಯಲ್ಲಿ ಕಟ್ಟಿದ ಕವಿಯ ಹೆಸರು, ಅವನ ಊರು ಬರುತ್ತದೆ. ಹಾಡು ಎಲ್ಲಿಗೆ ಹೋದರೂ ವಿಳಾಸ ಜೊತೆಗೇ ಹೋಗುತ್ತಿತ್ತು. ಮೊದಲ ಮೂವತ್ತು ಸೆಕೆಂಡನ್ನಷ್ಟೇ ಕತ್ತರಿಸಿ ರೀಲ್ಸ್ ಮಾಡಿದಾಗ ಆ ವಿಳಾಸವೇ ಬಿದ್ದುಹೋಗುತ್ತದೆ.

ಬೈಲಹೊಂಗಲ ಕಡೆಯ ನಾವು ನಾಲ್ವರು ಗೆಳೆಯರು ರಜೆಯಲ್ಲಿ ಹಳ್ಳಿಯ ಹಾಡುಗಾರರನ್ನು ರೆಕಾರ್ಡ್ ಮಾಡುತ್ತೇವೆ. ಹಿರಿಯ ಗೀಗೀ ಪದಕಾರರೊಬ್ಬರ ಹಾಡಿನ ತುಣುಕು ಯಾರದೋ ಪೇಜಿನಲ್ಲಿ ಓಡುತ್ತಿತ್ತು. ಮೊಮ್ಮಗ ತೋರಿಸಿದಾಗ ಅವರು ನಮ್ಮನ್ನು ಕೇಳಿದ್ದು ಒಂದೇ ಮಾತು: “ತಮ್ಮಾ, ದನಿ ನಂದ ಐತಿ, ಹೆಸರ ಎಲ್ಲಿ ಹೋತು?” ಮೇಳದವರಿಗೆ ಹೆಸರೇ ಬಂಡವಾಳ. ಹೆಸರು ಗೊತ್ತಿದ್ದರೆ ತಾನೇ ಜಾತ್ರೆಗೆ, ಉತ್ಸವಕ್ಕೆ ಕರೆ ಬರುವುದು?

ಹಾಗಾಗಿ ನಾವು ಕೆಲವು ನಿಯಮ ಮಾಡಿಕೊಂಡಿದ್ದೇವೆ.

ಮೊದಲನೆಯದು, ಮೂಲ ಫೈಲು ಬಿತ್ತನೆ ಬೀಜವಿದ್ದಂತೆ. ಅದನ್ನು ಎಡಿಟ್ ಮಾಡುವುದಿಲ್ಲ, ನಕಲನ್ನಷ್ಟೇ ಕತ್ತರಿಸುತ್ತೇವೆ. ದಿನಾಂಕ, ಊರು, ಹಾಡು ಈ ಕ್ರಮದಲ್ಲಿ ಫೈಲಿಗೆ ಹೆಸರಿಟ್ಟು ಒಂದು ಪ್ರತಿ ಹಾರ್ಡ್ ಡಿಸ್ಕಿನಲ್ಲಿ, ಇನ್ನೊಂದು ಡ್ರೈವ್‌ನಲ್ಲಿ ಇಡುತ್ತೇವೆ. ವಾಟ್ಸ್ಆ್ಯಪ್‌ನಲ್ಲಿ ಕಳಿಸುವಾಗ ‘ಡಾಕ್ಯುಮೆಂಟ್’ ಆಗಿ ಕಳಿಸಬೇಕು, ಇಲ್ಲವಾದರೆ ವಿಡಿಯೊ ಗುಣಮಟ್ಟ ಕುಗ್ಗುತ್ತದೆ.

ಎರಡನೆಯದು, ಅಡ್ಡವಾಗಿ 4ಕೆಯಲ್ಲಿ ಚಿತ್ರಿಸಿ, ಹಾಡುಗಾರರನ್ನು ಮಧ್ಯದಲ್ಲಿರಿಸುವುದು. 4ಕೆ ಚೌಕಟ್ಟಿನ ಎತ್ತರ 2160 ಪಿಕ್ಸೆಲ್. ಅದರಿಂದ ಉದ್ದನೆಯ ರೀಲ್ಸ್ ಕತ್ತರಿಸಿದರೂ 1215 ಪಿಕ್ಸೆಲ್ ಅಗಲ ಉಳಿಯುತ್ತದೆ, ಬೇಕಿರುವುದು 1080. ಸಾಮಾನ್ಯ ಎಚ್‌ಡಿಯಲ್ಲಾದರೆ ಉಳಿಯುವುದು ಸುಮಾರು 607 ಮಾತ್ರ. ಒಮ್ಮೆ ಚಿತ್ರಿಸಿದರೆ ಯೂಟ್ಯೂಬಿಗೂ ಇನ್‌ಸ್ಟಾಗ್ರಾಮಿಗೂ ಸಾಕು.

ಮೂರನೆಯದು, ಹಾಡಿನ ಸಾಲುಗಳನ್ನು ಯೂನಿಕೋಡ್‌ನಲ್ಲೇ ಟೈಪ್ ಮಾಡುವುದು. ಹಳೆಯ ನುಡಿ ಫಾಂಟಿನ ಅಕ್ಷರಗಳು ಮೊಬೈಲಿನಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗುತ್ತವೆ, ಹುಡುಕಿದರೂ ಸಿಗುವುದಿಲ್ಲ. ಅದೇ ಯೂನಿಕೋಡ್ ಪಠ್ಯ ಸಬ್‌ಟೈಟಲ್ ಆಗುತ್ತದೆ, ಲೇಖನಕ್ಕೂ ಒದಗುತ್ತದೆ.

ನಾಲ್ಕನೆಯದು, ಒಂದು ಹಾಡಿಗೆ ಎಕ್ಸೆಲ್‌ನಲ್ಲಿ ಒಂದು ಸಾಲು. ಹಾಡಿದವರು ಯಾರು, ಯಾವ ಊರು, ಎಲ್ಲೆಲ್ಲಿ ಹಾಕಲು ಒಪ್ಪಿದ್ದಾರೆ, ಯಾವಾಗ ಎಲ್ಲಿ ಹಾಕಿದೆವು ಎಲ್ಲ ಅದರಲ್ಲಿರುತ್ತದೆ. ಯೂಟ್ಯೂಬಿಗೆ ಒಪ್ಪಿದವರು ಜಾಹೀರಾತಿಗೂ ಒಪ್ಪಿದಂತಲ್ಲ. ಪ್ರತಿ ರೂಪಕ್ಕೂ ಬೇರೆಯಾಗಿ ಕೇಳುತ್ತೇವೆ. ತುಣುಕು ಎಷ್ಟೇ ಚಿಕ್ಕದಿರಲಿ, ಹೆಸರು ಮತ್ತು ಊರು ವಿಡಿಯೊದ ಮೇಲೆಯೇ ಇರಬೇಕು. ಕೆಳಗಿನ ವಿವರಣೆಯಲ್ಲಿ ಬರೆದರೆ ಡೌನ್‌ಲೋಡ್ ಮಾಡಿದವರೊಂದಿಗೆ ಅದು ಹೋಗುವುದಿಲ್ಲ.

ಇದಕ್ಕೆ ಖರ್ಚೇನೂ ಹೆಚ್ಚಿಲ್ಲ, ಶಿಸ್ತು ಬೇಕು. ಕೆಲಸ ಹುಡುಕುವವರಿಗೂ ಇದು ಒದಗುತ್ತದೆ. ‘ನನಗೆ ಎಡಿಟಿಂಗ್ ಬರುತ್ತದೆ’ ಎಂದು ರೆಸ್ಯೂಮೆಯಲ್ಲಿ ಬರೆಯುವುದಕ್ಕಿಂತ, ಒಂದು ಹಾಡು ನಾಲ್ಕು ರೂಪ ಪಡೆದದ್ದನ್ನು ಲೆಕ್ಕಸಮೇತ ತೋರಿಸುವುದು ಗಟ್ಟಿ ಮಾತು.

ಸವದತ್ತಿಯ ಚೌಡಿಕೆ ಪದ, ರಾಮದುರ್ಗದ ಹಳ್ಳಿಯ ಭಜನೆ, ನಿಮ್ಮಜ್ಜಿಯ ಬೀಸುವ ಪದ, ಯಾವುದಾದರೂ ಸರಿ. ಈ ರಜೆಯಲ್ಲಿ ಒಂದನ್ನು ರೆಕಾರ್ಡ್ ಮಾಡಿ. ಬಟನ್ ಒತ್ತುವ ಮುನ್ನ ಹಾಡುವವರ ಹೆಸರು ಬರೆದುಕೊಳ್ಳಿ.