ಚ್ಯಾಟ್ಸ್‌ವರ್ತಿನಲ್ಲಿ ಒಂದು ಹಗಲು

ಇಂಗ್ಲೆಂಡಿಗೆ ಹೋದ ನಮ್ಮವರು ಬಹುಮಟ್ಟಿಗೆ ಲಂಡನ್ ನಗರವನ್ನು ಸುತ್ತಿ ಹಿಂದಿರುಗುತ್ತಾರೆ. ಒಂದು ಹಗಲು ಬಿಡುವಿದ್ದವರು ಉತ್ತರದ ರೈಲು ಹತ್ತಿ, ಚೆಸ್ಟರ್‌ಫೀಲ್ಡಿನಲ್ಲಿಳಿದು ಬಸ್ಸು ಹಿಡಿದು, ಡರ್ಬಿಷೈರಿನ ಚ್ಯಾಟ್ಸ್‌ವರ್ತ್ ಸೌಧವನ್ನು ನೋಡಿ ಬರಬಹುದು. ಡರ್ವೆಂಟ್ ನದಿಯ ದಡದ ಈ ಮನೆ ಡೆವನ್‌ಷೈರಿನ ಡ್ಯೂಕರ ವಂಶದ್ದು.

ಹಿಂದೆ ಅತಿಥಿಗಳಿಗಷ್ಟೇ ಬಾಗಿಲು ತೆರೆಯುತ್ತಿದ್ದ ಮನೆಯೇನೂ ಇದಲ್ಲ. ಆದರೂ ಟಿಕೆಟ್ಟಿನ ಹಣವೇ ಇದಕ್ಕೆ ಆಧಾರವಾದದ್ದು ಈಚೆಗೆ. 1950ರಲ್ಲಿ ಹತ್ತನೆಯ ಡ್ಯೂಕನು ತೀರಿಕೊಂಡಾಗ ಆಸ್ತಿಯ ಮೇಲೆ ಶೇಕಡಾ 80ರ ಮರಣತೆರಿಗೆ ಬಿತ್ತು. ಆಸ್ತಿಯನ್ನು ಮಗನಿಗೆ ವಹಿಸಿಕೊಟ್ಟು ಐದು ವರ್ಷ ತುಂಬಲು ಕೆಲವೇ ವಾರಗಳು ಉಳಿದಿದ್ದವು. ತುಂಬಿದ್ದರೆ ತೆರಿಗೆಯೇ ಇಲ್ಲ! ಜಮೀನು, ಚಿತ್ರಗಳು, ಹಾರ್ಡ್‌ವಿಕ್ ಎಂಬ ಇನ್ನೊಂದು ಮನೆ, ಎಲ್ಲವೂ ಕೈಬಿಟ್ಟುವು. 1981ರಿಂದ ಸೌಧವನ್ನು ನಡೆಸುತ್ತಿರುವುದು ಒಂದು ಧರ್ಮದರ್ಶಿ ಸಂಸ್ಥೆ. ಡ್ಯೂಕರ ಕುಟುಂಬ ತಮ್ಮ ಪೂರ್ವಿಕರ ಮನೆಯಲ್ಲಿಯೇ ಬಾಡಿಗೆ ಕೊಟ್ಟು ವಾಸವಾಗಿದೆ.

ಕಾಲಿನಲ್ಲಿ ಕಸುವಿರುವಾಗಲೇ ತೋಟಕ್ಕೆ ನಡೆಯುವುದು ಲೇಸು. 1826ರಲ್ಲಿ ಇಲ್ಲಿಗೆ ಮುಖ್ಯ ತೋಟಗಾರನಾಗಿ ಬಂದ ಜೋಸೆಫ್ ಪ್ಯಾಕ್ಸ್‌ಟನ್ನನಿಗೆ ಇನ್ನೂ ಇಪ್ಪತ್ತಮೂರು ತುಂಬಿರಲಿಲ್ಲ. ರಷ್ಯಾದ ಚಕ್ರವರ್ತಿ ಬರುವನೆಂದು ಅವನು ಗುಡ್ಡದ ಮೇಲೆ ಕೆರೆ ತೋಡಿಸಿ, ಯಂತ್ರದ ಹಂಗಿಲ್ಲದೆ ಇಳಿನೀರಿನ ಒತ್ತಡದಿಂದಲೇ ಚಿಮ್ಮುವ ಕಾರಂಜಿಯನ್ನು 1844ರಲ್ಲಿ ಸಿದ್ಧಪಡಿಸಿದ. ಚಕ್ರವರ್ತಿ ಬರಲಿಲ್ಲ, ಕಾರಂಜಿ ಉಳಿಯಿತು.

ನಮ್ಮವರು ತಪ್ಪದೆ ನಿಲ್ಲಬೇಕಾದ ಜಾಗ ಬೇರೊಂದಿದೆ. ಉಷ್ಣದೇಶದ ಗಿಡಗಳಿಗಾಗಿ ಪ್ಯಾಕ್ಸ್‌ಟನ್ 277 ಅಡಿ ಉದ್ದದ ಗಾಜಿನ ಮನೆಯೊಂದನ್ನು ಅಲ್ಲಿ ಕಟ್ಟಿಸಿದ್ದ. ಚಳಿಗಾಲದಲ್ಲಿ ಅದನ್ನು ಬೆಚ್ಚಗಿಡಲು ನೆಲದಡಿಯಲ್ಲಿ ಎಂಟು ಬಾಯ್ಲರುಗಳು. ಕಲ್ಲಿದ್ದಲು ಅತಿಥಿಗಳ ಕಣ್ಣಿಗೆ ಬೀಳದಂತೆ ಸುರಂಗದ ಹಳಿಗಳ ಮೇಲೆ ಬರುತ್ತಿತ್ತು. ಇದರ ಅನುಭವವೇ ಅವನಿಗೆ 1851ರ ಲಂಡನ್ ಮಹಾಪ್ರದರ್ಶನದ ಸ್ಫಟಿಕ ಮಹಲನ್ನು ಕಟ್ಟುವ ಧೈರ್ಯ ಕೊಟ್ಟಿತು. ಆ ಮಹಲಿನ ಮಾದರಿಯಲ್ಲಿ ಎದ್ದದ್ದೇ, 1889ರಲ್ಲಿ ಅಡಿಗಲ್ಲು ಬಿದ್ದ, ನಮ್ಮ ಲಾಲ್‌ಬಾಗಿನ ಗಾಜಿನ ಮನೆ. ಫಲಪುಷ್ಪ ಪ್ರದರ್ಶನಕ್ಕೆ ಮಕ್ಕಳನ್ನು ಕರೆದೊಯ್ದವರೆಲ್ಲ ಅದರೊಳಗೆ ನಡೆದಾಡಿದ್ದಾರೆ.

ಸ್ಫಟಿಕ ಮಹಲು 1936ರಲ್ಲಿ ಬೆಂಕಿಗೆ ಆಹುತಿಯಾಯಿತು. ಚ್ಯಾಟ್ಸ್‌ವರ್ತಿನದು ಅದಕ್ಕೂ ಮೊದಲೇ ಹೋಗಿತ್ತು. ಮೊದಲ ಮಹಾಯುದ್ಧದಲ್ಲಿ ಕಲ್ಲಿದ್ದಲಿಲ್ಲದೆ ಗಿಡಗಳು ಸತ್ತವು. 1920ರಲ್ಲಿ ಮನೆಯನ್ನು ಸಿಡಿಮದ್ದಿಟ್ಟು ಕೆಡಹಿದರು. ಅದೂ ಒಂದೇ ಏಟಿಗೆ ಬೀಳಲಿಲ್ಲವಂತೆ. ಈಗ ಆ ನಿವೇಶನದಲ್ಲಿ, 1962ರಲ್ಲಿ ನೆಟ್ಟ ಹಸುರು ಬೇಲಿಗಳ ಚಕ್ರವ್ಯೂಹವಿದೆ. ಮಕ್ಕಳು ದಾರಿ ತಪ್ಪಿ ಕೂಗಾಡುತ್ತಿರುತ್ತಾರೆ.