ತೂಕ ಇಳಿಸುವ ಮನೆಯಲ್ಲಿ ಮಕ್ಕಳ ತಟ್ಟೆ

"ಅಜ್ಜ, ನನಗೆ ತುಪ್ಪ ಬೇಡ. ದಪ್ಪ ಆಗ್ತೇನೆ."

ಆರು ವರ್ಷದ ಮೊಮ್ಮಗಳು ಹೀಗೆಂದು ತಟ್ಟೆ ಸರಿಸಿದಾಗ ಮನೆಯವರೆಲ್ಲ ನಕ್ಕೆವು. ಮರುದಿನವೂ ಅದೇ ಮಾತು ಬಂದಾಗ ನಗು ನಿಂತಿತು. ಇದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಎರಡನೇ ಹೆರಿಗೆಯ ನಂತರ ಏರಿದ ತೂಕ ಇಳಿಸಲು ಹೊರಟ ನಮ್ಮ ಸೊಸೆ ದಿನಾ ಬೆಳಿಗ್ಗೆ ತೂಕದ ಯಂತ್ರದ ಮೇಲೆ ನಿಂತು 'ಅಯ್ಯೋ' ಎನ್ನುತ್ತಿದ್ದಳು. ರಾತ್ರಿ ಎಲ್ಲರಿಗೂ ಬಡಿಸಿ ತಾನು ಸೌತೆಕಾಯಿ ತಿನ್ನುತ್ತಿದ್ದಳು. ಮಗು ನೋಡಿ ಕಲಿತಿತ್ತು. 'ಗುಂಡಮ್ಮ' ಎಂದು ತಮಾಷೆ ಮಾಡುತ್ತಿದ್ದ ನನ್ನ ಪಾಲೂ ಅದರಲ್ಲಿತ್ತು. (ಸೊಸೆಯ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ.)

ಹಾಗೆಂದು ತೂಕದ ಚಿಂತೆ ಸುಳ್ಳಲ್ಲ. ನಮ್ಮ ಪುಣೆಯ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಅವರು 2004ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಲಂಡನ್ನಿನ ಡಾ. ಯುಡ್‌ಕಿನ್ ಅವರೊಡನೆ ತಮ್ಮದೇ ಚಿತ್ರ ಪ್ರಕಟಿಸಿದ್ದರು. ಎತ್ತರಕ್ಕೆ ತಕ್ಕ ತೂಕದ ಲೆಕ್ಕ, ಅಂದರೆ ಬಿಎಂಐ, ಇಬ್ಬರದೂ 22.3. ಆದರೆ ದೇಹದ ಕೊಬ್ಬು ಯುಡ್‌ಕಿನ್ ಅವರಲ್ಲಿ ಶೇ. 9.1, ಯಾಜ್ಞಿಕ್ ಅವರಲ್ಲಿ ಶೇ. 21.2! ತೆಳ್ಳಗೆ ಕಾಣುವ ಭಾರತೀಯನಲ್ಲೂ ಕೊಬ್ಬು ಅಡಗಿರುತ್ತದೆ. ಆದ್ದರಿಂದಲೇ ನಮ್ಮವರಿಗೆ ಬಿಎಂಐ 23 ದಾಟಿದರೆ ಅಧಿಕ ತೂಕ. ಸೊಂಟದ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಮೀರಬಾರದು ಎನ್ನುತ್ತಾರೆ ವೈದ್ಯರು.

ಹಾಗಾದರೆ ದೊಡ್ಡವರು ಇಳಿಸಬೇಕು, ಮಕ್ಕಳು ಹೆದರಬಾರದು. ಹೇಗೆ?

ನಾವು ಮಾಡಿದ್ದಿಷ್ಟೇ. ತೂಕದ ಯಂತ್ರ ಕಪಾಟಿನೊಳಗೆ ಹೋಯಿತು. ವಾರಕ್ಕೊಮ್ಮೆ ಮಾತ್ರ ಹೊರಗೆ. ಎಲ್ಲರಿಗೂ ಒಂದೇ ಅಡುಗೆ: ಕುಚ್ಚಲಕ್ಕಿ ಅನ್ನ, ಬೇಳೆ ಸಾರು, ಹರಿವೆ ಸೊಪ್ಪಿನ ಪಲ್ಯ, ಮಜ್ಜಿಗೆ. ಸೊಸೆಯ ತಟ್ಟೆಯಲ್ಲಿ ಅನ್ನ ಕಡಿಮೆ, ಪಲ್ಯ ಹೆಚ್ಚು. ಬೆಳೆಯುವ ಮಗುವಿಗೆ ತುಪ್ಪವೂ ಉಂಟು. 'ಪಲ್ಯ ತಿಂದರೆ ಚಾಕೊಲೇಟ್' ಎನ್ನುವುದನ್ನು ಬಿಟ್ಟೆವು. ಹಾಗೆಂದರೆ ಪಲ್ಯ ಶಿಕ್ಷೆ, ಚಾಕೊಲೇಟ್ ಬಹುಮಾನ ಎಂದಾಗುತ್ತದೆ. ಏನು, ಯಾವಾಗ ಬಡಿಸಬೇಕೆಂಬುದು ಹೆತ್ತವರಿಗೆ ಬಿಟ್ಟದ್ದು, ಎಷ್ಟು ತಿನ್ನಬೇಕೆಂಬುದು ಮಗುವಿಗೆ ಬಿಟ್ಟದ್ದು ಎಂಬುದು ಅಮೆರಿಕದ ಆಹಾರ ತಜ್ಞೆ ಎಲಿನ್ ಸ್ಯಾಟರ್ ಅವರ ಸೂತ್ರ. ಭಾನುವಾರ ಬೆಳಿಗ್ಗೆ ಎಲ್ಲರೂ ಪರ್ವತಿ ಬೆಟ್ಟದ ಮೆಟ್ಟಿಲು ಹತ್ತುತ್ತೇವೆ. ಮಗುವಿಗೆ ಅದು ವ್ಯಾಯಾಮವಲ್ಲ, ಆಟ.

ಎರಡು ಎಚ್ಚರಿಕೆ ಅಗತ್ಯ. ಎದೆಹಾಲುಣಿಸುವ ತಾಯಂದಿರು ವೈದ್ಯರನ್ನು ಕೇಳದೆ ಊಟ ಬಿಡಬಾರದು. ಮಗುವಿನ ತೂಕ ಹೆಚ್ಚೋ ಕಡಿಮೆಯೋ ಎಂಬುದನ್ನು ಮಕ್ಕಳ ವೈದ್ಯರು ಹೇಳಬೇಕೇ ಹೊರತು ನೆಂಟರಿಷ್ಟರಲ್ಲ.

ಆರು ತಿಂಗಳಲ್ಲಿ ಸೊಸೆಯ ತೂಕ ನಾಲ್ಕು ಕಿಲೋ ಇಳಿದಿದೆ. ಅದಕ್ಕಿಂತ ಸಂತೋಷವೆಂದರೆ ಮೊನ್ನೆ ಮೊಮ್ಮಗಳು ತಾನಾಗಿಯೇ ತುಪ್ಪ ಕೇಳಿ ಹಾಕಿಸಿಕೊಂಡಳು.

ನಮ್ಮ ಸಂಘಗಳ ಸ್ನೇಹಕೂಟಗಳಲ್ಲಿ ಸಿಕ್ಕ ಕೂಡಲೇ 'ಏನು, ದಪ್ಪ ಆಗಿದ್ದೀರಲ್ಲ' ಎನ್ನುವುದು ರೂಢಿ. ಪಕ್ಕದಲ್ಲಿ ಮಕ್ಕಳು ಕೇಳುತ್ತಿರುತ್ತಾರೆ. ಇನ್ನು ಮುಂದೆ 'ಹೇಗಿದ್ದೀರಿ' ಎಂದರೆ ಸಾಲದೇ? ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂದರು ಹಿರಿಯರು. ಮಕ್ಕಳಿರುವ ಮನೆಗೆ ಎರಡೂ ಬೇಕು.